ಗುರುವಿನೆದುರು ಕುಳಿತ ನ್ಯಾಯಾಧೀಶ: ಸರ್ ವಿಲಿಯಂ ಜೋನ್ಸರ ಸಂಸ್ಕೃತ ವ್ಯಾಸಂಗ

ಪ್ರಾಚ್ಯವಿದ್ಯೆಯ ಇತಿಹಾಸವನ್ನು ಬಲ್ಲವರಿಗೆ ಸರ್ ವಿಲಿಯಂ ಜೋನ್ಸರ ಹೆಸರು ಹೊಸದಲ್ಲ. ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಸ್ಥಾಪಕರೆಂದು, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ಜ್ಞಾತಿಸಂಬಂಧವನ್ನು ಸಾರಿದವರೆಂದು, ಶಾಕುಂತಲವನ್ನು ಯುರೋಪಿಗೆ ಮುಟ್ಟಿಸಿದವರೆಂದು ಅವರನ್ನು ಸ್ಮರಿಸುವುದು ವಾಡಿಕೆ. ಈ ಮೂರರಲ್ಲಿ ಕೊನೆಯ ಎರಡು ಕೀರ್ತಿಗಳ ಹಿಂದೆ ಇರುವ ಸಂಗತಿ ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅಧಿಕಾರ, ಬಿರುದು, ವಿದ್ವತ್ತು ಎಲ್ಲವೂ ಕೈಗೂಡಿದ್ದ ಒಬ್ಬ ನ್ಯಾಯಾಧೀಶ, ನಲವತ್ತರ ಹೊಸ್ತಿಲಲ್ಲಿ ಬಂಗಾಳದ ಒಬ್ಬ ವೈದ್ಯಕುಲದ ಪಂಡಿತನ ಮುಂದೆ ವಿದ್ಯಾರ್ಥಿಯಾಗಿ ಕುಳಿತ ಸಂಗತಿ ಅದು. ಆ ವ್ಯಾಸಂಗಕ್ಕೆ ಕಾರಣವಾದದ್ದು ಅಪನಂಬಿಕೆ. ಅದು ಕೊಂಡೊಯ್ದದ್ದು ಕಾವ್ಯಪ್ರೀತಿಯೆಡೆಗೆ. ಈ ಎರಡರ ನಡುವಣ ದಾರಿಯೇ ಜೋನ್ಸರ ಉತ್ತರಜೀವನದ ಕಥೆ.

ಜೋನ್ಸರು ಹುಟ್ಟಿದ್ದು 1746ರ ಸೆಪ್ಟೆಂಬರ್ 28ರಂದು, ಲಂಡನ್ನಿನಲ್ಲಿ. ತಂದೆ ವೇಲ್ಸ್ ಮೂಲದ ಗಣಿತಜ್ಞ. ವೃತ್ತದ ಪರಿಧಿ ಮತ್ತು ವ್ಯಾಸಗಳ ಅನುಪಾತಕ್ಕೆ ಪೈ ಎಂಬ ಗ್ರೀಕ್ ಅಕ್ಷರವನ್ನು 1706ರಲ್ಲಿ ಮೊದಲು ಬಳಸಿದವರು. ಮಗನಿಗೆ ಮೂರು ವರ್ಷ ತುಂಬುವ ಮೊದಲೇ ಅವರು ತೀರಿಕೊಂಡರು. ಬಾಲಕನ ವಿದ್ಯಾಭ್ಯಾಸದ ಹೊಣೆ ತಾಯಿ ಮೇರಿಯ ಮೇಲೆ ಬಿತ್ತು. ಹ್ಯಾರೋ ಶಾಲೆಯಲ್ಲಿ ಗ್ರೀಕ್, ಲ್ಯಾಟಿನ್‌ಗಳನ್ನು ಕರಗತ ಮಾಡಿಕೊಂಡ ಹುಡುಗ 1764ರಲ್ಲಿ ಆಕ್ಸ್‌ಫರ್ಡನ್ನು ಸೇರಿದ. ಅರಬ್ಬೀ ಕಲಿಯುವ ಹಂಬಲದಿಂದ, ಸಿರಿಯಾದ ಅಲೆಪ್ಪೊ ಪಟ್ಟಣದವನೊಬ್ಬನನ್ನು ಲಂಡನ್ನಿನಿಂದ ಕರೆತಂದು ತನ್ನ ಬಳಿ ಇರಿಸಿಕೊಂಡ. ಭಾಷೆಯನ್ನು ಗ್ರಂಥದಿಂದಷ್ಟೇ ಅಲ್ಲದೆ ಅದನ್ನಾಡುವವರ ಬಾಯಿಂದಲೂ ಕಲಿಯಬೇಕೆಂಬ ನಿಲುವು ಅಂದಿನಿಂದಲೇ ಬೆಳೆದುಬಂದದ್ದು. ಮುಂದೆ ಫಾರಸಿ ಅವರ ಪ್ರಧಾನ ಆಸಕ್ತಿಯಾಯಿತು. ನಾದಿರ್ ಶಹನ ಚರಿತ್ರೆಯನ್ನು ಡೆನ್ಮಾರ್ಕಿನ ದೊರೆಯ ಕೋರಿಕೆಯಂತೆ ಫಾರಸಿಯಿಂದ ಫ್ರೆಂಚಿಗೆ ತಂದು 1770ರಲ್ಲಿ ಪ್ರಕಟಿಸಿದರು. ಮರುವರ್ಷ ಅವರ ಫಾರಸಿ ವ್ಯಾಕರಣ ಹೊರಬಂತು. 1772ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು.

ಆದರೆ ಭಾಷಾಪಾಂಡಿತ್ಯ ಹೊಟ್ಟೆ ಹೊರೆಯುವ ಉದ್ಯೋಗವಾಗಿರಲಿಲ್ಲ. ಜೋನ್ಸರು ನ್ಯಾಯಶಾಸ್ತ್ರದ ಕಡೆಗೆ ತಿರುಗಿ 1774ರಲ್ಲಿ ವಕೀಲಿ ವೃತ್ತಿಗೆ ಪ್ರವೇಶ ಪಡೆದರು. ರಾಜಕೀಯದಲ್ಲಿ ಅವರದು ಉದಾರಪಂಥ. ಅಮೆರಿಕದ ವಸಾಹತುಗಳ ಹೋರಾಟದ ಬಗ್ಗೆ ಅವರಿಗೆ ಸಹಾನುಭೂತಿಯಿತ್ತು; ಪ್ರಜೆಗಳ ಹಕ್ಕನ್ನು ಎತ್ತಿಹಿಡಿದು 1782ರಲ್ಲಿ ಅವರು ಬರೆದ ಸಂವಾದರೂಪದ ಕಿರುಹೊತ್ತಗೆ ಅದನ್ನು ಮರುಮುದ್ರಿಸಿದವರನ್ನು ಕೋರ್ಟಿನ ಮೆಟ್ಟಿಲು ಹತ್ತಿಸಿತು. ಬಂಗಾಳದ ಸುಪ್ರೀಂ ಕೋರ್ಟಿನ ನ್ಯಾಯಾಧೀಶ ಪದವಿಗಾಗಿ ಅವರು ಹಲವು ವರ್ಷ ಕಾಯಬೇಕಾಯಿತು. ಕೊನೆಗೆ 1783ರಲ್ಲಿ ಆ ಪದವಿಯೂ ಸರ್ ಎಂಬ ಬಿರುದೂ ದೊರೆತವು. ಆ ವರ್ಷವೇ ಅನಾ ಮರಿಯಾ ಶಿಪ್ಲೆಯನ್ನು ವಿವಾಹವಾಗಿ, ಸೆಪ್ಟೆಂಬರ್ ತಿಂಗಳಲ್ಲಿ ಕಲ್ಕತ್ತೆಯಲ್ಲಿ ಬಂದಿಳಿದರು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ, 1784ರ ಜನವರಿ 15ರಂದು, ಏಷಿಯಾಟಿಕ್ ಸೊಸೈಟಿ ಸ್ಥಾಪನೆಗೊಂಡಿತು.

ಇಷ್ಟಾದರೂ ಸಂಸ್ಕೃತವನ್ನು ಕಲಿಯುವ ಉದ್ದೇಶ ಆರಂಭದಲ್ಲಿ ಅವರಿಗೆ ಇರಲಿಲ್ಲ. ಆ ಭಾಷೆಯ ಪರಿಶ್ರಮಕ್ಕೆ ಚಾರ್ಲ್ಸ್ ವಿಲ್ಕಿನ್ಸ್ ಇದ್ದರು. ಅವರ ಭಗವದ್ಗೀತೆಯ ಅನುವಾದ 1785ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಜೋನ್ಸರನ್ನು ಸಂಸ್ಕೃತದತ್ತ ತಳ್ಳಿದ್ದು ನ್ಯಾಯಾಲಯ. ಹಿಂದೂಗಳ ದಾಯಭಾಗ, ವಿವಾಹ ಮೊದಲಾದ ವ್ಯಾಜ್ಯಗಳನ್ನು ಅವರವರ ಶಾಸ್ತ್ರಾನುಸಾರ ತೀರ್ಮಾನಿಸಬೇಕೆಂಬುದು ಕಂಪನಿ ಸರಕಾರದ ನೀತಿಯಾಗಿತ್ತು. ಶಾಸ್ತ್ರವನ್ನು ಓದಬಲ್ಲವರು ಪಂಡಿತರು. ತೀರ್ಪು ಕೊಡಬೇಕಾದವರು ಅದನ್ನು ಓದಲಾರದ ಇಂಗ್ಲಿಷರು. ಪಂಡಿತರು ಹೇಳಿದ ವ್ಯವಸ್ಥೆ ಗ್ರಂಥದಲ್ಲಿ ಇದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸುವ ಉಪಾಯ ಪೀಠದ ಮೇಲೆ ಕುಳಿತವರಿಗೆ ಇರಲಿಲ್ಲ. ಹೀಗೆ ಪರರ ಮಾತಿಗೆ ಕಟ್ಟುಬಿದ್ದು ನ್ಯಾಯ ಹೇಳುವುದು ಜೋನ್ಸರಿಗೆ ಸಹಿಸದಾಯಿತು. ಪಂಡಿತರ ಪ್ರಾಮಾಣಿಕತೆಯ ಬಗ್ಗೆ ತಮಗಿದ್ದ ಸಂಶಯವನ್ನು ಅವರು ಪತ್ರಗಳಲ್ಲಿ ಮುಚ್ಚಿಡಲಿಲ್ಲ. ಎಂದರೆ, ಸಂಸ್ಕೃತವನ್ನು ಅವರು ಅರಸಿದ್ದು ಸಂಸ್ಕೃತ ಬಲ್ಲವರಿಂದ ತಪ್ಪಿಸಿಕೊಳ್ಳುವುದಕ್ಕಾಗಿ.

1785ರ ಶರತ್ಕಾಲದಲ್ಲಿ ಅವರು ನವದ್ವೀಪದ ವಿದ್ಯಾಪರಂಪರೆಗೆ ಸೇರಿದ ಕೃಷ್ಣನಗರಕ್ಕೆ ಹೋದರು. ಅಲ್ಲಿನ ಬ್ರಾಹ್ಮಣ ಪಂಡಿತರಲ್ಲಿ ಯಾರೂ ಮ್ಲೇಚ್ಛನೊಬ್ಬನಿಗೆ ದೇವಭಾಷೆಯ ಪಾಠ ಹೇಳಲು ಮುಂದಾಗಲಿಲ್ಲ. ಒಪ್ಪಿದವರು ರಾಮಲೋಚನರು. ಅವರು ವೈದ್ಯ ಜಾತಿಗೆ ಸೇರಿದ ವೃದ್ಧರು. ಬ್ರಾಹ್ಮಣರಲ್ಲದಿದ್ದರೂ ಬ್ರಾಹ್ಮಣ ವಿದ್ಯಾರ್ಥಿಗಳಿಗೇ ವ್ಯಾಕರಣವನ್ನೂ ನೀತಿಯನ್ನೂ ಕಲಿಸಿದವರು. ಪುರೋಹಿತಗರ್ವ ಅವರಲ್ಲಿಲ್ಲವೆಂಬುದನ್ನು ಜೋನ್ಸರು ವಿಶೇಷವಾಗಿ ಗುರುತಿಸಿದರು. ಪಾಠದ ಕೋಣೆಯನ್ನು ದಿನವೂ ಗಂಗಾಜಲದಿಂದ ತೊಳೆಯಬೇಕು, ಪಾಠಕ್ಕೆ ಮೊದಲು ಶಿಷ್ಯ ಚಹದ ಹೊರತು ಏನನ್ನೂ ಸೇವಿಸಬಾರದು ಎಂಬ ಕಟ್ಟಳೆಗಳನ್ನು ಗುರು ವಿಧಿಸಿದರೆಂಬ ಐತಿಹ್ಯ ಬಂಗಾಳದಲ್ಲಿ ಪ್ರಚಲಿತವಿದೆ. ನಾಡನ್ನಾಳುವವನು ಪಾಠದ ಕೋಣೆಯಲ್ಲಿ ಗುರುವಿನ ಕಟ್ಟಳೆಗೆ ತಲೆಬಾಗಿದನೆಂಬ ಸಮಾಧಾನವನ್ನು ಆ ಐತಿಹ್ಯ ಆಳಿಸಿಕೊಂಡವರಿಗೆ ಒದಗಿಸಿರಬೇಕು.

ವ್ಯಾಕರಣದ ಜೊತೆಗೆ ಪಾಠಕ್ಕೆ ಬಂದ ಗ್ರಂಥ ಹಿತೋಪದೇಶ. ಧರ್ಮಶಾಸ್ತ್ರವನ್ನು ಅರಸಿ ಬಂದವರಿಗೆ ಮೊದಲು ದೊರೆತದ್ದು ಕಾಗೆ, ಆಮೆ, ಜಿಂಕೆ, ಇಲಿಗಳ ಕಥೆ. ನಮ್ಮ ಪಾಠಶಾಲೆಗಳ ಕ್ರಮವೇ ಅದು: ಶಾಸ್ತ್ರಕ್ಕೆ ಮೊದಲು ಕಾವ್ಯ, ತರ್ಕಕ್ಕೆ ಮೊದಲು ಕಥೆ. ಈ ಕ್ರಮ ಜೋನ್ಸರ ಮೇಲೆ ಮಾಡಿದ ಪರಿಣಾಮ ಅವರೇ ನಿರೀಕ್ಷಿಸದಂಥದು. ಪಾಠ ತೊಡಗಿ ಐದಾರು ತಿಂಗಳೂ ಆಗಿರಲಿಲ್ಲ. 1786ರ ಫೆಬ್ರುವರಿ 2ರಂದು ಸೊಸೈಟಿಯ ಮೂರನೆಯ ವಾರ್ಷಿಕ ಭಾಷಣದಲ್ಲಿ ಅವರು ಸಂಸ್ಕೃತವು ಗ್ರೀಕ್, ಲ್ಯಾಟಿನ್‌ಗಳೊಡನೆ ಆಕಸ್ಮಿಕವೆನ್ನಲಾಗದಷ್ಟು ನಿಕಟವಾದ ಸಾಮ್ಯವನ್ನು ಹೊಂದಿದೆಯೆಂದೂ, ಈ ಮೂರೂ ಬಹುಶಃ ಈಗ ಅಳಿದುಹೋಗಿರುವ ಒಂದು ಮೂಲದಿಂದ ಬಂದಿರಬೇಕೆಂದೂ ಪ್ರತಿಪಾದಿಸಿದರು. ಇಂಥ ಸಾಮ್ಯವನ್ನು ಗಮನಿಸಿದವರು ಅವರಿಗಿಂತ ಹಿಂದೆಯೂ ಇದ್ದರು. ಜೋನ್ಸರ ವಿಶೇಷವಿರುವುದು ಅದನ್ನು ಧಾತು ಮತ್ತು ವ್ಯಾಕರಣರೂಪಗಳ ಆಧಾರದ ಮೇಲೆ ನಿಲ್ಲಿಸಿದುದರಲ್ಲಿ. ತನ್ನ ಗ್ರೀಕ್ ಪರಂಪರೆಯೇ ಸರ್ವೋನ್ನತವೆಂದು ನಂಬಿ ಬೆಳೆದ ಹ್ಯಾರೋ ಶಾಲೆಯ ವಿದ್ಯಾರ್ಥಿ, ರಚನೆಯ ಪರಿಪೂರ್ಣತೆಯಲ್ಲಿ ಸಂಸ್ಕೃತ ಗ್ರೀಕನ್ನೂ ಮೀರಿದ್ದೆಂದು ಬಹಿರಂಗವಾಗಿ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ.

ಶಾಕುಂತಲದ ಪರಿಚಯ ಇನ್ನೂ ಸ್ವಾರಸ್ಯಕರವಾದುದು. ನಾಟಕವೆಂಬ ಗ್ರಂಥಪ್ರಕಾರವೊಂದು ಇದೆಯೆಂದು ಕೇಳಿದ್ದ ಜೋನ್ಸರು ಅದು ಚರಿತ್ರೆಯಿರಬಹುದೆಂದು ಮೊದಲು ಊಹಿಸಿದ್ದರು. ವಿಚಾರಿಸಿದಾಗ ಒಬ್ಬೊಬ್ಬರು ಒಂದೊಂದು ಬಗೆಯಾಗಿ ವಿವರಿಸಿದರು. ಕೊನೆಗೆ ರಾಧಾಕಾಂತರೆಂಬ ಪಂಡಿತರು, ಕಲ್ಕತ್ತೆಯಲ್ಲಿ ಚಳಿಗಾಲದಲ್ಲಿ ಇಂಗ್ಲಿಷರು ಆಡುವ ಆಟಗಳಂಥವೇ ಇವು ಎಂದು ತಿಳಿಸಿದ ಮೇಲೆ ವಿಷಯ ಸ್ಪಷ್ಟವಾಯಿತು. ಇಂಗ್ಲಿಷ್ ವಿದ್ವಾಂಸನಿಗೆ ಸಂಸ್ಕೃತ ನಾಟಕ ತಿಳಿಯುವ ಮೊದಲೇ ಬಂಗಾಳದ ಪಂಡಿತರಿಗೆ ಇಂಗ್ಲಿಷ್ ನಾಟಕ ತಿಳಿದಿತ್ತೆಂಬುದು ಇಲ್ಲಿ ಗಮನಾರ್ಹ. ನಾಟಕಗಳಲ್ಲಿ ಶ್ರೇಷ್ಠವಾದುದು ಯಾವುದೆಂಬ ಪ್ರಶ್ನೆಗೆ ಶಾಕುಂತಲವೆಂಬ ಉತ್ತರ ಬಂತು. ಬಂಗಾಳಿ ಪಾಠಪರಂಪರೆಯ ಒಂದು ಹಸ್ತಪ್ರತಿಯನ್ನು ಪಡೆದು, ರಾಮಲೋಚನರ ನೆರವಿನಿಂದ ಜೋನ್ಸರು ಅದನ್ನು ಓದಿದರು. ಮೊದಲು ಪದಕ್ಕೆ ಪದವಿಟ್ಟು ಲ್ಯಾಟಿನ್ನಿಗೆ, ಅಲ್ಲಿಂದ ಇಂಗ್ಲಿಷಿಗೆ ತಂದರು. 1789ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾದ ಆ ಅನುವಾದದ ಆದಾಯವನ್ನು ಸಾಲ ತೀರಿಸಲಾರದೆ ಕಷ್ಟಕ್ಕೆ ಸಿಲುಕಿದವರಿಗಾಗಿ ಮೀಸಲಿಟ್ಟರು. ಗೇಯಾರ್ಗ್ ಫಾರ್ಸ್ಟರ್ 1791ರಲ್ಲಿ ಅದನ್ನು ಜರ್ಮನ್ ಭಾಷೆಗೆ ತಿರುಗಿಸಿದರು. ಗಯಟೆ ಮತ್ತು ಹೆರ್ಡರ್ ಅದನ್ನು ಓದಿ ಪುಳಕಗೊಂಡರು.

ಅನುವಾದಕರಾಗಿ ಜೋನ್ಸರು ನಿರ್ದೋಷಿಗಳೇನಲ್ಲ. ಕಾಳಿದಾಸನ ಶೃಂಗಾರವರ್ಣನೆಗಳನ್ನು ಇಂಗ್ಲಿಷ್ ಓದುಗರ ಸಂಕೋಚಕ್ಕೆ ತಕ್ಕಂತೆ ಅವರು ಅಲ್ಲಲ್ಲಿ ಮೃದುಗೊಳಿಸಿದರು. ಅವನನ್ನು ಭಾರತದ ಷೇಕ್ಸ್‌ಪಿಯರನೆಂದು ಹೊಗಳುವಾಗ ಅಳತೆಗೋಲು ತಮ್ಮ ನಾಡಿನದೇ ಆಗಿತ್ತು. ಕಾಳಿದಾಸನನ್ನು ಅವರು ಪತ್ತೆಹಚ್ಚಿದರೆಂಬ ಮಾತೂ ಯುರೋಪಿನ ಮಟ್ಟಿಗೆ ಮಾತ್ರ ಸತ್ಯ. ಐಹೊಳೆಯ ಶಾಸನದಲ್ಲಿ ಕವಿ ರವಿಕೀರ್ತಿ ತನ್ನ ಕೀರ್ತಿಯನ್ನು ಕಾಳಿದಾಸ, ಭಾರವಿಗಳ ಕೀರ್ತಿಗೆ ಹೋಲಿಸಿಕೊಂಡದ್ದು ಕ್ರಿ.ಶ. 634ರಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡದ ಕಡೆ ಚುರಮುರಿ ಶೇಷಗಿರಿರಾಯರು, ಮೈಸೂರಿನಲ್ಲಿ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದಾಗ ಅವರ ಕೈಲಿದ್ದುದು ಜೋನ್ಸರ ಇಂಗ್ಲಿಷಲ್ಲ, ಅವಿಚ್ಛಿನ್ನವಾಗಿ ಬಂದ ಸಂಸ್ಕೃತ ವಿದ್ವತ್ತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ಆಡಿದ ಸಂಗೀತ ಶಾಕುಂತಲವೂ ಈ ನೆಲದ ನಾಟ್ಯಾಭಿರುಚಿಯಿಂದಲೇ ಮೂಡಿದುದು.

ಆದರೂ ವ್ಯಾಸಂಗದಿಂದ ಜೋನ್ಸರಲ್ಲಾದ ಬದಲಾವಣೆ ನಿಜವಾದುದು. ಬಿಡುವಿನ ದಿನಗಳನ್ನು ಅವರು ಕೃಷ್ಣನಗರದ ಹುಲ್ಲುಛಾವಣಿಯ ಮನೆಯಲ್ಲಿ ಪಂಡಿತರೊಡನೆ ಕಳೆಯತೊಡಗಿದರು. ಹಿಂದೂ ದೇವತೆಗಳನ್ನು ಕುರಿತು ಇಂಗ್ಲಿಷಿನಲ್ಲಿ ಒಂಬತ್ತು ಸ್ತೋತ್ರಗಳನ್ನು ರಚಿಸಿದರು, ಗೀತಗೋವಿಂದವನ್ನು ಅನುವಾದಿಸಿದರು. ಋತುಸಂಹಾರವನ್ನು 1792ರಲ್ಲಿ ಬಂಗಾಳಿ ಲಿಪಿಯಲ್ಲಿ ಅಚ್ಚು ಹಾಕಿಸಿದರು. ಮುದ್ರಣಗೊಂಡ ಮೊದಲ ಸಂಸ್ಕೃತ ಗ್ರಂಥವೆಂಬ ಹಿರಿಮೆ ಅದರದು. ಯಾರನ್ನು ನಂಬಲಾರೆನೆಂದು ಸಂಸ್ಕೃತ ಕಲಿಯಹೊರಟರೋ ಆ ಪಂಡಿತವರ್ಗವೇ ಅವರ ದಿನನಿತ್ಯದ ಸಂಗಾತಿಯಾಯಿತು. ಹಿಂದೂ ನ್ಯಾಯಸಂಗ್ರಹವನ್ನು ಸಿದ್ಧಪಡಿಸುವ ಯೋಜನೆಗೆ 1788ರಲ್ಲಿ ಕಾರ್ನ್‌ವಾಲಿಸರ ಒಪ್ಪಿಗೆ ದೊರೆತಾಗ, ಅದರ ರಚನೆಯ ಭಾರವನ್ನು ಹೊತ್ತವರು ವಯೋವೃದ್ಧ ಜಗನ್ನಾಥ ತರ್ಕಪಂಚಾನನರು.

ಬದಲಾಗದೆ ಉಳಿದುದನ್ನೂ ಹೇಳದೆ ಹೋದರೆ ಚಿತ್ರ ಪೂರ್ಣವಾಗದು. ಅಮೆರಿಕದವರ ಸ್ವಾತಂತ್ರ್ಯವನ್ನು ಬೆಂಬಲಿಸಿದ ಜೋನ್ಸರು ಭಾರತೀಯರು ಸ್ವಯಮಾಡಳಿತಕ್ಕೆ ಅರ್ಹರೆಂದು ಎಂದೂ ಒಪ್ಪಲಿಲ್ಲ. ನಿರಂಕುಶ ಆಳ್ವಿಕೆಯೇ ಇಲ್ಲಿಗೆ ತಕ್ಕುದೆಂದು ಭಾವಿಸಿದ್ದರು. ಪ್ರಾಂತಕ್ಕೊಂದು, ಕುಲಕ್ಕೊಂದು ಬಗೆಯಾಗಿ ಹರಿಯುತ್ತಿದ್ದ ಆಚಾರವನ್ನು ಗ್ರಂಥಸ್ಥ ಶಾಸನವಾಗಿ ಬಿಗಿಗೊಳಿಸುವುದರಲ್ಲಿ ಅವರ ಮನುಸ್ಮೃತಿಯ ಅನುವಾದಕ್ಕೂ ಪಾಲಿದೆ. ಶಾಕುಂತಲವನ್ನು ಒಲಿದ ಮನಸ್ಸೇ ಮನುವನ್ನು ಆಡಳಿತದ ಉಪಕರಣವನ್ನಾಗಿ ಮಾಡಿತು. ಸಾಹಿತ್ಯವ್ಯಾಸಂಗ ಒಬ್ಬ ವ್ಯಕ್ತಿಯ ಅಭಿರುಚಿಯನ್ನು, ಗೌರವಭಾವನೆಯನ್ನು, ಸ್ನೇಹವಲಯವನ್ನು ಬದಲಿಸಬಲ್ಲದು. ಅವನು ಕುಳಿತ ಪೀಠವನ್ನು ತಾನಾಗಿಯೇ ಬದಲಿಸಲಾರದು. ಪ್ರಾಚ್ಯವಾದವನ್ನು ಕುರಿತ ಚರ್ಚೆಗಳಲ್ಲಿ ಜೋನ್ಸರನ್ನು ಬರಿಯ ಆರಾಧಕರೆಂದೋ ಬರಿಯ ಆಳುಗರೆಂದೋ ತೀರ್ಮಾನಿಸಿದರೆ, ಎರಡೂ ಒಬ್ಬ ಮನುಷ್ಯನಲ್ಲೇ ಇದ್ದವೆಂಬ ತೊಡಕಿನ ಸತ್ಯ ಕೈತಪ್ಪುತ್ತದೆ.

ಅವರ ಅರಿವಿಗೆ ಇನ್ನೊಂದು ಮೇರೆಯೂ ಇತ್ತು. ದಕ್ಷಿಣದ ನುಡಿಗಳ ಪರಿಚಯ ಅವರಿಗೆ ಆಗಲಿಲ್ಲ. ತಮಿಳು, ತೆಲುಗು, ಕನ್ನಡಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವು ಬೇರೊಂದು ಕುಟುಂಬಕ್ಕೆ ಸೇರಿದವು ಎಂಬ ವಾದವನ್ನು 1816ರಲ್ಲಿ ಮುಂದಿಟ್ಟವರು ಮದರಾಸಿನ ಫ್ರಾನ್ಸಿಸ್ ವೈಟ್ ಎಲ್ಲಿಸ್. ಆ ಕಾಣ್ಕೆಯ ಹಿಂದೆಯೂ ಪಟ್ಟಾಭಿರಾಮ ಶಾಸ್ತ್ರಿಗಳಂಥ ದೇಶೀಯ ವಿದ್ವಾಂಸರ ಶ್ರಮವಿತ್ತು.

ದೇಹಸ್ಥಿತಿ ಸರಿಯಿಲ್ಲದೆ ಪತ್ನಿ 1793ರ ಕೊನೆಯಲ್ಲಿ ಇಂಗ್ಲೆಂಡಿಗೆ ಮರಳಿದರು. ಕೈಗೊಂಡ ನ್ಯಾಯಸಂಗ್ರಹವನ್ನು ಮುಗಿಸಿ ಹಿಂಬಾಲಿಸುವ ಸಂಕಲ್ಪದಿಂದ ಜೋನ್ಸರು ಇಲ್ಲೇ ಉಳಿದರು. ಅದು ಕೈಗೂಡಲಿಲ್ಲ. 1794ರ ಏಪ್ರಿಲ್ 27ರಂದು, ನಲವತ್ತೇಳನೆಯ ವಯಸ್ಸಿನಲ್ಲಿ, ಕಲ್ಕತ್ತೆಯಲ್ಲಿ ಅವರು ನಿಧನರಾದರು. ಮನುಸ್ಮೃತಿಯ ಅನುವಾದ ಪ್ರಕಟವಾದದ್ದು ಆ ವರ್ಷವೇ. ಸಂಗ್ರಹದ ಅನುವಾದವನ್ನು ಮುಂದೆ ಕೋಲ್‌ಬ್ರೂಕ್ ಪೂರೈಸಿದರು. ಸೌತ್ ಪಾರ್ಕ್ ಸ್ಟ್ರೀಟಿನ ಸ್ಮಶಾನದಲ್ಲಿ ಜೋನ್ಸರ ಸಮಾಧಿಯಿದೆ. ಅವರ ಮರಣವಾರ್ತೆಯ ಮಾತು ಬಂದಾಗ ಪಂಡಿತರು ಕಣ್ಣೀರು ತಡೆಯಲಾರದೆ ಹೋದರೆಂದು ಮಿತ್ರರೂ ಚರಿತ್ರಕಾರರೂ ಆದ ಜಾನ್ ಶೋರ್ ದಾಖಲಿಸಿದ್ದಾರೆ.

ಅನಾ ಮರಿಯಾ ಪತಿಯ ಸಮಗ್ರ ಕೃತಿಗಳನ್ನು 1799ರಲ್ಲಿ ಆರು ಸಂಪುಟಗಳಲ್ಲಿ ಹೊರತಂದರು. ರಾಮಲೋಚನರಿಗೆ ಅಂಥ ಸಂಪುಟಗಳಿಲ್ಲ. ಇತಿಹಾಸದಲ್ಲಿ ಅವರು ಉಳಿದಿರುವುದು ಶಿಷ್ಯನ ಪತ್ರಗಳಲ್ಲಿ, ಮುನ್ನುಡಿಯ ಕೃತಜ್ಞತೆಯ ಸಾಲುಗಳಲ್ಲಿ. ಯುರೋಪಿನ ಕಾವ್ಯಚಿಂತನೆಯನ್ನು ಅಲುಗಿಸಿದ ಒಂದು ಅನುವಾದಕ್ಕೆ ಮೊದಲ ಓದುಗರೂ ಅರ್ಥ ಹೇಳಿದವರೂ ಅವರೇ. ಭಾಷಾವಿಜ್ಞಾನದ ಚರಿತ್ರೆಯನ್ನು 1786ರ ಭಾಷಣದಿಂದ ಆರಂಭಿಸುವ ಪಾಠಪಟ್ಟಿಗಳು, ಅದರ ಹಿಂದಿನ ವರ್ಷದ ಕೃಷ್ಣನಗರದ ಪಾಠವನ್ನೂ ಒಳಗೊಳ್ಳುವುದು ಯುಕ್ತ.