ಡೀಸೆಲ್ ಎಂಜಿನ್ನಿನ ಜನಕ ರುಡಾಲ್ಫ್ ಡೀಸೆಲ್



ಹಿರಣ್ಯಕೇಶಿಯ ದಂಡೆಯಲ್ಲಾಗಲಿ ಪಂಚಗಂಗೆಯ ದಂಡೆಯಲ್ಲಾಗಲಿ ‘ಡೀಸೆಲ್’ ಎಂಬ ಶಬ್ದವನ್ನು ಕೇಳದ ಮನೆಯಿಲ್ಲ. ಅದು ಎಣ್ಣೆಯ ಹೆಸರೆಂದೇ ನಮ್ಮಲ್ಲಿ ಬಹಳ ಜನರ ತಿಳಿವಳಿಕೆ. ನಿಜವಾಗಿ ಅದು ಒಬ್ಬ ಮನುಷ್ಯನ ಅಡ್ಡಹೆಸರು. ಹೊಲಗಳಿಗೆ ವಿದ್ಯುತ್ತು ಬರುವ ಮೊದಲು ಅನೇಕ ಕಡೆ ನದಿಯ ನೀರನ್ನು ಕಬ್ಬಿಗೆ ಎತ್ತಿಕೊಟ್ಟದ್ದೂ ಗಾಣ ತಿರುಗಿಸಿದ್ದೂ ಅವನ ಹೆಸರಿನ ಎಂಜಿನ್ನೇ. ಹಾಗಿದ್ದೂ ಆ ಮನುಷ್ಯನ ಬಾಳಿನ ಕತೆ ನಮ್ಮ ಮಕ್ಕಳಿಗೆ ಅಷ್ಟಾಗಿ ಗೊತ್ತಿಲ್ಲ.

ರುಡಾಲ್ಫ್ ಡೀಸೆಲ್ 1858ರ ಮಾರ್ಚ್ 18ರಂದು ಪ್ಯಾರಿಸ್ ನಗರದಲ್ಲಿ ಹುಟ್ಟಿದನು. ತಂದೆತಾಯಿಗಳು ಜರ್ಮನರು. ತಂದೆ ಚರ್ಮದ ಸಾಮಾನು ತಯಾರಿಸಿ ಹೊಟ್ಟೆ ಹೊರೆಯುತ್ತಿದ್ದನು. ಆ ಸಾಮಾನನ್ನು ತಳ್ಳುಗಾಡಿಯಲ್ಲಿಟ್ಟು ಗಿರಾಕಿಗಳ ಮನೆಗೆ ಮುಟ್ಟಿಸುವುದು ಬಾಲಕನ ಕೆಲಸ. ಮನೆಯ ಭಾಷೆ ಒಂದು, ಬೀದಿಯ ಭಾಷೆ ಇನ್ನೊಂದು. ಗಡಿಯ ಮಕ್ಕಳಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1870ರಲ್ಲಿ ಫ್ರಾನ್ಸಿಗೂ ಜರ್ಮನರಿಗೂ ಯುದ್ಧ ಹತ್ತಿತು. ಪ್ಯಾರಿಸಿನಲ್ಲಿದ್ದ ಜರ್ಮನರು ಊರು ಬಿಡಬೇಕಾಯಿತು. ಕುಟುಂಬ ಲಂಡನ್ನಿಗೆ ಹೋಯಿತು. ಅಲ್ಲಿ ಹೊಟ್ಟೆಗೆ ಸಾಲದೆ, ಹನ್ನೆರಡು ವರ್ಷದ ರುಡಾಲ್ಫನನ್ನು ಜರ್ಮನಿಯ ಆಗ್ಸ್‌ಬರ್ಗ್ ಪಟ್ಟಣದ ಬಂಧುವೊಬ್ಬರ ಮನೆಗೆ ಕಳಿಸಿದರು. ಆ ಬಂಧು ಗಣಿತದ ಶಿಕ್ಷಕರು. ಹುಡುಗನ ಪುಣ್ಯ!

ಆಗ್ಸ್‌ಬರ್ಗಿನ ಶಾಲೆಯಲ್ಲಿ ಒಂದು ಸಣ್ಣ ಉಪಕರಣವಿತ್ತಂತೆ. ಗಾಜಿನ ನಳಿಗೆ, ಅದರೊಳಗೆ ಒಂದು ದಟ್ಟೆ. ದಟ್ಟೆಯನ್ನು ಜೋರಾಗಿ ಒತ್ತಿದರೆ ಒಳಗಿನ ಗಾಳಿ ಕಾಯ್ದು ತುದಿಯಲ್ಲಿಟ್ಟ ಅರಳೆ ತಾನೇ ಹೊತ್ತಿಕೊಳ್ಳುತ್ತಿತ್ತು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನೀವೆಲ್ಲ ಮುಟ್ಟಿ ನೋಡಿದ್ದೀರಿ. ಅದೇ ಇದು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗಿಲ್ಲದಿರುವುದಕ್ಕೆ ಕಾರಣ ಈ ತತ್ತ್ವವೇ: ಗಾಳಿಯನ್ನು ಒತ್ತಿ ಒತ್ತಿ ಕಾಯಿಸಬೇಕು, ಆ ಕಾದ ಗಾಳಿಗೆ ಎಣ್ಣೆಯನ್ನು ತೂರಬೇಕು.

ಶಿಷ್ಯವೃತ್ತಿ ಪಡೆದು ಅವನು ಮ್ಯೂನಿಕ್ಕಿನ ತಾಂತ್ರಿಕ ವಿದ್ಯಾಲಯ ಸೇರಿದನು. ಅಲ್ಲಿ ಕಾರ್ಲ್ ಫಾನ್ ಲಿಂಡೆ ಎಂಬ ಪ್ರಾಧ್ಯಾಪಕರು ಪಾಠ ಹೇಳುತ್ತ, ಉಗಿಯಂತ್ರವು ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಹತ್ತರಷ್ಟನ್ನೂ ಕೆಲಸಕ್ಕೆ ತಿರುಗಿಸುವುದಿಲ್ಲವೆಂದು ತಿಳಿಸಿದರು. ಉಳಿದ ತೊಂಬತ್ತು ವ್ಯರ್ಥ. ಈ ಮಾತು ತರುಣನ ಮನಸ್ಸಿನಲ್ಲಿ ಮುಳ್ಳಿನಂತೆ ನಟ್ಟಿತು. 1880ರಲ್ಲಿ ಅತ್ಯುತ್ತಮ ಅಂಕಗಳಿಂದ ತೇರ್ಗಡೆಯಾಗಿ ಲಿಂಡೆಯವರ ಶೀತಯಂತ್ರಗಳ ಉದ್ಯೋಗದಲ್ಲಿ ದುಡಿಯುತ್ತಿದ್ದಾಗಲೂ ಅವನು ಅದನ್ನು ಬಿಡಲಿಲ್ಲ. 1893ರಲ್ಲಿ ಹೊಸ ಎಂಜಿನ್ನಿಗೆ ಪೇಟೆಂಟ್ ದೊರೆಯಿತು.

ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. 1893ರ ಆಗಸ್ಟ್ 10ರಂದು ಆಗ್ಸ್‌ಬರ್ಗಿನ ಯಂತ್ರ ಕಾರ್ಖಾನೆಯಲ್ಲಿ ಮೊದಲ ಪರೀಕ್ಷೆ ನಡೆದಾಗ ಒತ್ತಡ ಅಳೆಯುವ ಉಪಕರಣವೇ ಸಿಡಿದು ಹಾರಿತು. ಆದರೆ ಎಣ್ಣೆ ಕಿಡಿಯಿಲ್ಲದೆ ಹೊತ್ತಿಕೊಂಡಿತ್ತು. ಅವನಿಗೆ ಬೇಕಾದದ್ದು ಅಷ್ಟೇ. 1894ರ ಫೆಬ್ರುವರಿ 17ರಂದು ಎಂಜಿನ್ನು ಮೊದಲ ಬಾರಿ ಸ್ವಂತ ಶಕ್ತಿಯಿಂದ ತಿರುಗಿತು. ಎಷ್ಟು ಹೊತ್ತು? ಒಂದೇ ಒಂದು ನಿಮಿಷ, 88 ಸುತ್ತು.

ತಿರುಗುವುದು ಬೇರೆ, ಭಾರ ಎಳೆಯುವುದು ಬೇರೆ. ಇದನ್ನು ನಮ್ಮ ರೈತ ಪಾಲಕರು ಚೆನ್ನಾಗಿ ಬಲ್ಲರು. ಬರಿದೆ ಓಡುವಾಗ ಎಂಜಿನ್ನಿಗೆ ಬೇಕಾಗುವ ಎಣ್ಣೆಯೂ ಸ್ವಲ್ಪ, ಗಾಳಿಯೂ ಸ್ವಲ್ಪ. ಆಗ ದೋಷ ಮರೆಯಾಗಿರುತ್ತದೆ. ಪಂಪು ನೀರೆತ್ತಲು ಹತ್ತಿದೊಡನೆ, ಗಾಣಕ್ಕೆ ಕಬ್ಬು ಕೊಟ್ಟೊಡನೆ ಎರಡೂ ಹೆಚ್ಚು ಬೇಕು. ಎಲ್ಲಿ ಅಡ್ಡಿಯಿದೆಯೋ ಅಲ್ಲಿ ಉಸಿರು ಕಟ್ಟುತ್ತದೆ. ಅಂಬೋಲಿ ಘಟ್ಟ ಇಳಿದು ವೆಂಗುರ್ಲೆಯ ಕಡಲಿಗೆ ಹೋದರೆ ಮೀನುಗಾರರ ದೋಣಿಗಳಲ್ಲಿಯೂ ಇದೇ ಮಾತು, ಇನ್ನೂ ಕಠಿಣವಾಗಿ. ನೀರಿನೊಳಗಿನ ಪಂಖವನ್ನು ಇಮ್ಮಡಿ ವೇಗದಲ್ಲಿ ತಿರುಗಿಸಲು ಸುಮಾರು ಎಂಟುಪಟ್ಟು ಶಕ್ತಿ ಬೇಕು. ಆದ್ದರಿಂದ ದಂಡೆಯಲ್ಲಿ ಗುಟುಗುಟು ಎನ್ನುವ ಎಂಜಿನ್ನು ವೇಗ ಕೊಟ್ಟಾಗ ಕುಗ್ಗುತ್ತದೆ.

ಆಗ ಜಾಣ ಮಿಸ್ತ್ರಿ ಒಮ್ಮೆಲೇ ಎಂಜಿನ್ನು ಬಿಚ್ಚುವುದಿಲ್ಲ. ಮೊದಲು ಹೊಗೆ ನೋಡುತ್ತಾನೆ. ಕಪ್ಪು ಹೊಗೆ ಬಂದರೆ ಎಣ್ಣೆ ಹೋಗುತ್ತಿದೆ, ಪೂರ್ತಿ ಉರಿಯುತ್ತಿಲ್ಲ: ಗಾಳಿಯ ಜಾಲರಿ ಧೂಳಿನಿಂದ ಕಟ್ಟಿರಬಹುದು, ಎಣ್ಣೆ ತೂರುವ ನಾಝಲ್ ತುಂತುರು ಮಾಡದೆ ತೊಟ್ಟಿಕ್ಕುತ್ತಿರಬಹುದು, ಇಲ್ಲವೆ ಹೊತ್ತ ಭಾರವೇ ಮಿತಿ ಮೀರಿರಬಹುದು. ಹೊಗೆಯಿಲ್ಲದೆ ಎಂಜಿನ್ನು ಸೋತರೆ ಎಣ್ಣೆಯೇ ಸಾಕಷ್ಟು ಮುಟ್ಟುತ್ತಿಲ್ಲ: ಫಿಲ್ಟರು, ನಳಿಗೆಯಲ್ಲಿ ಸೇರಿದ ಗಾಳಿ, ಟಾಕಿಯ ಮುಚ್ಚಳದ ಸಣ್ಣ ತೂತು ಇವನ್ನು ನೋಡುತ್ತಾನೆ. ಆ ತೂತು ಕೆಸರಿನಿಂದ ಮುಚ್ಚಿದರೆ ಒಳಗೆ ಗಾಳಿ ಸೇರದೆ ಎಣ್ಣೆ ಇಳಿಯುವುದು ನಿಧಾನವಾಗುತ್ತದೆ. ದೋಣಿಯಾದರೆ ಪಂಖಕ್ಕೆ ಬಲೆಯ ಹಗ್ಗ ಸುತ್ತಿದೆಯೋ ಎಂಬುದನ್ನೂ ನೋಡಬೇಕು. ಕೊಲ್ಹಾಪುರದ ಶಿವಾಜಿ ಉದ್ಯಮನಗರದ ಯಾವ ಹಳೆಯ ಮಿಸ್ತ್ರಿಗೂ ಇದು ಬಾಯಿಪಾಠ.

ಡೀಸೆಲ್ಲನಿಗೆ ಹೇಳಿಕೊಡುವ ಮಿಸ್ತ್ರಿ ಯಾರಿದ್ದರು? ಎಣ್ಣೆಯನ್ನು ನುಣ್ಣಗೆ ಸಿಡಿಸುವುದು ಹೇಗೆ, ಎಷ್ಟು ಹೊತ್ತು ಸಿಡಿಸುವುದು ಎಂಬುದನ್ನು ಒಂದೊಂದಾಗಿ ಬದಲಿಸಿ, ಅಳೆದು, ಬರೆದಿಟ್ಟುಕೊಂಡು ಕಂಡುಹಿಡಿಯಬೇಕಾಯಿತು. ಕೊನೆಗೆ ಬಲವಾಗಿ ಒತ್ತಿದ ಗಾಳಿಯಿಂದಲೇ ಎಣ್ಣೆಯನ್ನು ಊದುವ ಉಪಾಯ ಕೈಗೂಡಿತು. 1897ರ ಫೆಬ್ರುವರಿ 17ರಂದು ಪ್ರೊಫೆಸರ್ ಶ್ರೋಟರ್ ಅವರು ಎಂಜಿನ್ನನ್ನು ಪರೀಕ್ಷಿಸಿದರು. ನಿಮಿಷಕ್ಕೆ 154 ಸುತ್ತು, ಸುಮಾರು 18 ಅಶ್ವಶಕ್ತಿ, ಶಾಖದಲ್ಲಿ ನೂರಕ್ಕೆ 26 ಪಾಲು ಕೆಲಸಕ್ಕೆ! ಜಗತ್ತು ಬೆರಗಾಯಿತು.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಮಾರಾಟವಾದ ಮೊದಲ ಎಂಜಿನ್ನುಗಳು ಗಿರಾಕಿಗಳಲ್ಲಿ ಪದೇ ಪದೇ ಕೆಟ್ಟು ನಿಂತವು. ಕೆಲವು ಮರಳಿ ಬಂದವು. ನಿಂದೆ, ಪೇಟೆಂಟಿನ ವ್ಯಾಜ್ಯಗಳು, ಹಗಲಿರುಳಿನ ದುಡಿಮೆಗಳಿಂದ 1898ರಲ್ಲಿ ಅವನ ಆರೋಗ್ಯ ಕುಸಿದು ಆರೈಕೆಯ ಮನೆ ಸೇರಬೇಕಾಯಿತು. ಎಂಜಿನ್ನನ್ನು ಸುಧಾರಿಸಿದವರು ಆಗ್ಸ್‌ಬರ್ಗಿನ ಕಾರ್ಖಾನೆಯ ತಾಳ್ಮೆಯ ಎಂಜಿನಿಯರರು. ಅವರ ಹೆಸರು ಎಂಜಿನ್ನಿಗೆ ಬರಲಿಲ್ಲ.

1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ನನ್ನು ಶೇಂಗಾ ಎಣ್ಣೆಯಿಂದ ಓಡಿಸಿದರು. ಶೇಂಗಾ ಬೆಳೆಯುವ ಗಡಹಿಂಗ್ಲಜದವರಾದ ನಾವು ಇದನ್ನು ನೆನಪಿಡಬೇಕು. 1903ರಲ್ಲಿ ಫ್ರಾನ್ಸಿನ ಕಾಲುವೆಯೊಂದರಲ್ಲಿ ‘ಪೆಟಿ ಪಿಯೆರ್’ ಎಂಬ ದೋಣಿ ಈ ಎಂಜಿನ್ನಿನಿಂದ ಸಾಗಿತು. 1912ರಲ್ಲಿ ಡೆನ್ಮಾರ್ಕಿನ ‘ಸೆಲಾಂಡಿಯಾ’ ಹಡಗು ಕೋಪನ್‌ಹೇಗನ್ನಿನಿಂದ ಬ್ಯಾಂಕಾಕಿಗೆ ಹೋಗಿ ಬಂದಿತು.

ಎಂಜಿನ್ನು ಗೆಲ್ಲುತ್ತಿದ್ದಂತೆ ಅದರ ಒಡೆಯ ಸೋಲುತ್ತಿದ್ದನು. ಮ್ಯೂನಿಕ್ಕಿನಲ್ಲಿ ಅರಮನೆಯಂಥ ಮನೆ ಕಟ್ಟಿಸಿದ್ದನು. ಜಮೀನು ವ್ಯವಹಾರಗಳಲ್ಲಿ ಹಣ ಹಾಕಿ ಕಳೆದುಕೊಂಡಿದ್ದನು. ಲೆಕ್ಕದಲ್ಲಿ ಅಷ್ಟು ಪ್ರವೀಣನಾದವನಿಗೆ ಮನೆಯ ಲೆಕ್ಕ ತಪ್ಪಿದ್ದು ವಿಚಿತ್ರ. 1913ರ ಸೆಪ್ಟೆಂಬರ್ 29ರ ರಾತ್ರಿ ಆಂಟ್ವರ್ಪಿನಿಂದ ಇಂಗ್ಲೆಂಡಿಗೆ ಹೊರಟ ‘ಡ್ರೆಸ್ಡೆನ್’ ಹಡಗಿನಲ್ಲಿ ಊಟ ಮಾಡಿ, ಬೆಳಿಗ್ಗೆ ಎಬ್ಬಿಸಲು ಹೇಳಿ ಕೋಣೆಗೆ ಹೋದನು. ಬೆಳಿಗ್ಗೆ ಕೋಣೆ ಬರಿದಾಗಿತ್ತು. ಕೆಲವು ದಿನಗಳ ಮೇಲೆ ಸಮುದ್ರದಲ್ಲಿ ಸಿಕ್ಕ ಶವದ ಜೇಬಿನ ವಸ್ತುಗಳನ್ನು ಮಗ ಗುರುತಿಸಿದನು. ಆತ್ಮಹತ್ಯೆಯೆಂದೇ ಹೆಚ್ಚಿನವರ ಅಭಿಪ್ರಾಯ. ಕೊಲೆಯೆಂಬ ಕತೆಗಳಿಗೆ ಆಧಾರ ಸಾಲದು. ಅವನಿಗೆ ಆಗ 55 ವರ್ಷ.

ಊದುವ ಗಾಳಿಗಾಗಿ ಬೇಕಾಗಿದ್ದ ದೊಡ್ಡ ಕಂಪ್ರೆಸರಿನಿಂದ ಅವನ ಎಂಜಿನ್ನು ಭಾರವಾಗಿಯೇ ಉಳಿದಿತ್ತು. 1920ರ ದಶಕದಲ್ಲಿ ಬಾಷ್ ಸಂಸ್ಥೆಯ ಪಂಪು ಎಣ್ಣೆಯನ್ನು ನೇರವಾಗಿ ತೂರಲು ಬಂದಿತು, ಎಂಜಿನ್ನು ಚಿಕ್ಕದಾಯಿತು. ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನವು 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ನುಗಳ ಕಂಪನಿ ತೆರೆಯಿತು. ಜಪಾನಿನಲ್ಲಿ ಯಮಾಓಕಾ ಎಂಬ ರೈತನ ಮಗ 1933ರಲ್ಲಿ ಚಿಕ್ಕ ಡೀಸೆಲ್ ಎಂಜಿನ್ನನ್ನು ತಯಾರಿಸಿದ್ದನು. ಅವನು ಆಗ್ಸ್‌ಬರ್ಗಿಗೆ ಹೋದಾಗ ಡೀಸೆಲ್ಲನಿಗೆ ಅಲ್ಲಿ ತಕ್ಕ ಸ್ಮಾರಕವಿಲ್ಲದ್ದನ್ನು ಕಂಡು, ಜಪಾನಿನಿಂದ ಕಲ್ಲುಗಳನ್ನು ತರಿಸಿ 1957ರಲ್ಲಿ ಒಂದು ಸ್ಮಾರಕವನ ಮಾಡಿಸಿಕೊಟ್ಟನು. ಆ ಕಲ್ಲುಗಳು ಇಂದಿಗೂ ಅಲ್ಲಿವೆ.