ಕಸದ ಗಾಡಿಯ ಹಿಂದೆ ಹೋದ ಜೇನ್ ಆಡಮ್ಸ್

ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರ ಪಟ್ಟಿಯನ್ನು ಸಾಮಾನ್ಯ ಜ್ಞಾನದ ಪರೀಕ್ಷೆಗಾಗಿ ನಮ್ಮಲ್ಲಿ ಅನೇಕರು ಬಾಯಿಪಾಠ ಮಾಡಿರುತ್ತೇವೆ. ಅದರಲ್ಲಿ 1931ರ ಮುಂದೆ ಜೇನ್ ಆಡಮ್ಸ್ ಎಂಬ ಹೆಸರಿದೆ. ಅಮೆರಿಕದ ಸಮಾಜ ಸೇವಕಿ ಎಂದಷ್ಟೇ ಬರೆದು ಗೈಡುಗಳು ಮುಂದಕ್ಕೆ ಹೋಗುತ್ತವೆ. ಈ ಮಹಿಳೆ ಶಿಕಾಗೊ ನಗರಾಡಳಿತದಿಂದ ಸಂಬಳ ಪಡೆದು ಮಾಡಿದ ಕೆಲಸ ಯಾವುದು ಗೊತ್ತೇ? ಒಂದು ವಾರ್ಡಿನ ಕಸ ತಪಾಸಣೆ. ನಮ್ಮ ಬೀದಿಗಳಲ್ಲಿ ಕಸದ ಗಾಡಿ ಬಂದರೂ, ಬಾರದಿದ್ದರೂ ಜಗಳ ಮಾಡುವ ನಮಗೆ ಅವರ ಕಥೆ ದೂರದ್ದು ಅನಿಸುವುದಿಲ್ಲ.

ಆಡಮ್ಸ್ ಹುಟ್ಟಿದ್ದು 1860ರ ಸೆಪ್ಟೆಂಬರ್ 6ರಂದು, ಇಲಿನಾಯ್ ರಾಜ್ಯದ ಸೀಡರ್‌ವಿಲ್ ಎಂಬ ಸಣ್ಣ ಊರಿನಲ್ಲಿ. ತಂದೆ ಜಾನ್ ಆಡಮ್ಸ್ ಗಿರಣಿಯ ಮಾಲೀಕರು, ರಾಜ್ಯದ ಸೆನೆಟ್ ಸದಸ್ಯರು, ಅಬ್ರಹಾಂ ಲಿಂಕನ್ ಅವರ ಪರಿಚಿತರು. ಮಗುವಿಗೆ ಎರಡು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ನಾಲ್ಕನೇ ವಯಸ್ಸಿಗೆ ಬೆನ್ನುಮೂಳೆಯ ಕ್ಷಯ ಬಂದು ಬೆನ್ನು ಸ್ವಲ್ಪ ಡೊಂಕಾಯಿತು. ತಂದೆಯ ಜೊತೆ ಪಕ್ಕದ ಪಟ್ಟಣಕ್ಕೆ ಹೋದಾಗ ಬಡವರ ಗಲ್ಲಿಯೊಂದನ್ನು ಕಂಡು, ಈ ಜನ ಇಂಥ ಸಣ್ಣ ಕೊಳಕು ಮನೆಗಳಲ್ಲಿ ಒತ್ತೊತ್ತಾಗಿ ಏಕೆ ಇದ್ದಾರೆ ಎಂದು ಕೇಳಿದರಂತೆ. ತಾನು ದೊಡ್ಡವಳಾದ ಮೇಲೆ ದೊಡ್ಡ ಮನೆಯನ್ನೇ ಕಟ್ಟುವೆ, ಆದರೆ ಇಂಥ ಮನೆಗಳ ನಡುವೆಯೇ ಕಟ್ಟುವೆ ಎಂದೂ ಹೇಳಿದರಂತೆ. ದೊಡ್ಡವರ ಬಾಲ್ಯದ ಬಗ್ಗೆ ಇಂಥ ಕಥೆಗಳು ಹುಟ್ಟಿಕೊಳ್ಳುವುದು ಸಹಜ. ಆದರೆ ಇದನ್ನು ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ.

1881ರಲ್ಲಿ ರಾಕ್‌ಫರ್ಡ್ ಮಹಿಳಾ ವಿದ್ಯಾಲಯದ ಓದು ಮುಗಿಯಿತು. ಅದೇ ಬೇಸಿಗೆಯಲ್ಲಿ ತಂದೆಯೂ ಹೋದರು. ವೈದ್ಯಳಾಗಬೇಕೆಂದು ಫಿಲಡೆಲ್ಫಿಯಾದ ಕಾಲೇಜಿಗೆ ಸೇರಿದರೂ ಬೆನ್ನುನೋವಿನಿಂದ ಅದನ್ನು ಬಿಡಬೇಕಾಯಿತು. ಆಮೇಲಿನ ಏಳೆಂಟು ವರ್ಷ ಕೈಯಲ್ಲಿ ಹಣವಿದ್ದು, ಓದಿದ್ದು, ಏನು ಮಾಡಬೇಕೆಂದು ತೋಚದ ಕಾಲ. ಯುರೋಪ್ ಪ್ರವಾಸದಲ್ಲಿ ಪೂರ್ವ ಲಂಡನ್ನಿನ ಒಂದು ಶನಿವಾರ ರಾತ್ರಿ ಅವರ ಮನಸ್ಸಿನಲ್ಲಿ ಉಳಿದುಹೋಯಿತು. ಅಲ್ಲಿ ಕೊಳೆಯುತ್ತಿದ್ದ ತರಕಾರಿಯನ್ನು ಹರಾಜು ಹಾಕುತ್ತಿದ್ದರು. ಗ್ಯಾಸ್ ದೀಪದ ಮಂಕು ಬೆಳಕಿನಲ್ಲಿ ಅದಕ್ಕಾಗಿ ಮೇಲೆದ್ದ ನೂರಾರು ಕೈಗಳನ್ನು ಅವರು ಮುಂದೆಂದೂ ಮರೆಯಲಿಲ್ಲ. 1888ರಲ್ಲಿ ಅದೇ ಪೂರ್ವ ಲಂಡನ್ನಿನ ಟಾಯ್ನ್‌ಬಿ ಹಾಲ್ ನೋಡಿದರು. ವಿಶ್ವವಿದ್ಯಾಲಯದಲ್ಲಿ ಓದಿದ ತರುಣರು ಬಡವರ ಬಡಾವಣೆಯಲ್ಲೇ ಮನೆ ಮಾಡಿಕೊಂಡು ಇದ್ದ ಜಾಗ ಅದು.

1889ರ ಸೆಪ್ಟೆಂಬರ್ 18ರಂದು ಆಡಮ್ಸ್ ತಮ್ಮ ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಜೊತೆ ಶಿಕಾಗೊದ ಹಾಲ್‌ಸ್ಟೆಡ್ ಬೀದಿಯ ಹಳೆಯ ಮನೆಯೊಂದರಲ್ಲಿ ವಾಸಕ್ಕೆ ಬಂದರು. ಹಲ್ ಎಂಬ ಶ್ರೀಮಂತರು 1856ರಲ್ಲಿ ಕಟ್ಟಿಸಿದ್ದರಿಂದ ಅದು ಹಲ್ ಹೌಸ್ ಆಯಿತು. ಒಂದು ಪಕ್ಕದಲ್ಲಿ ಶರಾಬಿನಂಗಡಿ, ಇನ್ನೊಂದು ಪಕ್ಕದಲ್ಲಿ ಶವಸಂಸ್ಕಾರದ ಏರ್ಪಾಡು ಮಾಡುವವರ ಅಂಗಡಿ. ಸುತ್ತಲಿನ ವಠಾರಗಳಲ್ಲಿ ಇಟಲಿ, ಗ್ರೀಸ್, ಜರ್ಮನಿ, ಐರ್ಲೆಂಡ್, ಬೊಹೀಮಿಯಾಗಳಿಂದ ಬಂದವರು, ಪೋಲೆಂಡ್ ಮತ್ತು ರಷ್ಯಾದ ಯಹೂದಿಗಳು. ಒಂದು ಮನೆಯ ಮಾತು ಪಕ್ಕದ ಮನೆಗೆ ತಿಳಿಯದು.

ಮೊದಲು ಶಿಶುವಿಹಾರ ಶುರುವಾಯಿತು. ಕೂಲಿಗೆ ಹೋಗುವ ತಾಯಂದಿರ ಕೂಸುಗಳಿಗೆ ತೊಟ್ಟಿಲ ಮನೆ, ಸಂಜೆ ತರಗತಿ, ಕಾಫಿ ಅಂಗಡಿ, ವ್ಯಾಯಾಮಶಾಲೆ ಒಂದೊಂದಾಗಿ ಬಂದವು. ಇಟಲಿಯವರಿಗೊಂದು ಸಂಜೆ, ಜರ್ಮನ್ನರಿಗೊಂದು ಸಂಜೆ ಎಂದು ಅವರವರ ಹಾಡು, ಊಟ, ಕುಣಿತಕ್ಕೆ ಮನೆ ತೆರೆದಿರುತ್ತಿತ್ತು. ಮೊದಲ ಕ್ರಿಸ್‌ಮಸ್‌ಗೆ ಮಕ್ಕಳಿಗೆ ಮಿಠಾಯಿ ಹಂಚಿದಾಗ ಕೆಲವು ಪುಟ್ಟ ಹುಡುಗಿಯರು ಬೇಡ ಎಂದುಬಿಟ್ಟರು. ವಿಚಾರಿಸಿದರೆ, ಆ ಮಕ್ಕಳು ಆರು ವಾರಗಳಿಂದ ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಮಿಠಾಯಿ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಅದರ ವಾಸನೆಯೇ ಅವರಿಗೆ ಸಾಕಾಗಿತ್ತು. ಹಲ್ ಹೌಸಿನವರು ಬಾಲಕಾರ್ಮಿಕರ ಬಗ್ಗೆ ಮಾಹಿತಿ ಕೂಡಿಹಾಕತೊಡಗಿದರು. ಅಲ್ಲೇ ವಾಸವಿದ್ದ ಫ್ಲಾರೆನ್ಸ್ ಕೆಲಿ ಅವರ ಹಟದಿಂದ 1893ರಲ್ಲಿ ಇಲಿನಾಯ್ ರಾಜ್ಯದ ಕಾರ್ಖಾನೆ ಕಾಯ್ದೆ ಬಂತು.

ಇನ್ನು ಕಸದ ವಿಷಯ. ಹತ್ತೊಂಬತ್ತನೇ ವಾರ್ಡಿನ ಬೀದಿಗಳಲ್ಲಿ ದೊಡ್ಡ ದೊಡ್ಡ ಮರದ ಪೆಟ್ಟಿಗೆಗಳನ್ನು ಕಾಲುದಾರಿಗೆ ಬಡಿದು ನಿಲ್ಲಿಸಿದ್ದರು. ಹಣ್ಣು ಮಾರುವವರ ಕೊಳೆತ ಹಣ್ಣು, ಲಾಯದ ಗೊಬ್ಬರ, ಚಿಂದಿ ಎಲ್ಲವೂ ಅದರೊಳಗೆ. ಅವು ತುಂಬಿ ಹರಿದರೂ ಖಾಲಿ ಮಾಡುವವರಿಲ್ಲ. ಅಂಬೆಗಾಲು ಬಿಟ್ಟು ನಡೆಯಲು ಕಲಿತ ಮಗು ಮೊದಲು ಹತ್ತುತ್ತಿದ್ದುದೇ ಆ ಪೆಟ್ಟಿಗೆಗಳನ್ನು. ಮೂರು ವರ್ಷ ಆಡಮ್ಸ್ ಮತ್ತು ಸಂಗಡಿಗರು ಮನೆಮನೆಗೆ ಹೋಗಿ ತಿಳಿಹೇಳಿದರು. ಹಳ್ಳಿಯಲ್ಲಿ ಕಸವನ್ನು ಅಂಗಳಕ್ಕೆ ಗುಡಿಸಿದರೆ ಬಿಸಿಲು ಮಳೆಗೆ ಕರಗುತ್ತದೆ, ಇಲ್ಲಿ ಅದು ಮಕ್ಕಳ ಪ್ರಾಣ ತೆಗೆಯುತ್ತದೆ ಎಂದು ವಿವರಿಸಿದರು. ಏನೂ ಬದಲಾಗಲಿಲ್ಲ.

ಅಷ್ಟರಲ್ಲಿ ಅವರ ಅಕ್ಕ ತೀರಿಕೊಂಡರು. ಅಕ್ಕನ ಚಿಕ್ಕ ಮಗ ಇವರ ಪಾಲಿಗೆ ಬಂದ. ಹುಡುಗನ ಆರೋಗ್ಯ ಸೂಕ್ಷ್ಮ. ಈ ಬೀದಿಯ ಗಾಳಿ ಅವನಿಗೆ ತಡೆಯದೆಂದು ದೂರದ ವಸತಿ ಶಾಲೆಗೆ ಕಳಿಸಬೇಕಾಯಿತು. ಆಗ ಅವರಿಗೆ ನಾಚಿಕೆಯಾಯಿತಂತೆ. ತನ್ನ ಮನೆಯ ಮಗುವಿಗೆ ಹೋಗಲು ಶಾಲೆಯಾದರೂ ಇತ್ತು, ಸುತ್ತಲಿನ ತಾಯಂದಿರ ಮಕ್ಕಳು ಹೋಗುತ್ತಿದ್ದುದು ಸ್ಮಶಾನಕ್ಕೆ. ಇದನ್ನು ತಡೆಯಲು ಇನ್ನೂ ಗಟ್ಟಿಯಾಗಿ ಏಕೆ ಏನೂ ಮಾಡಲಿಲ್ಲ ಎಂದು ತಮ್ಮನ್ನೇ ಕೇಳಿಕೊಂಡದ್ದನ್ನು ಅವರು ಮುಚ್ಚಿಟ್ಟಿಲ್ಲ.

ಹಲ್ ಹೌಸಿನ ಮಹಿಳಾ ಸಂಘದ ಹನ್ನೆರಡು ಮಂದಿ ಗೃಹಿಣಿಯರು ಹೊರಟರು. ಅವರಲ್ಲಿ ಹೆಚ್ಚಿನವರು ಐರಿಷ್ ಮೂಲದವರು. ಹಗಲೆಲ್ಲ ಮನೆಗೆಲಸ ಮುಗಿಸಿ, ಸೆಕೆಗಾಲದ ಸಂಜೆ ಗಬ್ಬು ನಾರುವ ಸಂದಿಗಳಲ್ಲಿ ಅಲೆದು ಲೆಕ್ಕ ಬರೆದರು. ಆಗಸ್ಟ್, ಸೆಪ್ಟೆಂಬರ್ ಎರಡೇ ತಿಂಗಳಲ್ಲಿ 1,037 ದೂರುಗಳು ಪುರಾವೆ ಸಮೇತ ಆರೋಗ್ಯ ಇಲಾಖೆಗೆ ಹೋದವು. ನೊಬೆಲ್ ಪಟ್ಟಿಯಲ್ಲಿ ಈ ಹನ್ನೆರಡು ಮಂದಿಯ ಹೆಸರಿಲ್ಲ, ಆದರೆ ನನ್ನ ಮಟ್ಟಿಗೆ ಈ ಇಡೀ ಕಥೆಯ ನಡುಗಂಬ ಅವರೇ. ದೂರಿನ ಪರಿಣಾಮವಾಗಿ ಒಬ್ಬರಾದ ಮೇಲೊಬ್ಬರಂತೆ ಮೂವರು ತಪಾಸಕರಿಗೆ ವರ್ಗವಾಯಿತು. ಸಾವಿನ ಪ್ರಮಾಣ ಮಾತ್ರ ಇಳಿಯಲಿಲ್ಲ.

1895ರ ವಸಂತದಲ್ಲಿ ಆಡಮ್ಸ್ ವಾರ್ಡಿನ ಕಸ ಸಾಗಣೆಯ ಗುತ್ತಿಗೆಗೆ ತಾವೇ ಟೆಂಡರ್ ಹಾಕಿದರು! ಯಾವುದೋ ತಾಂತ್ರಿಕ ಕಾರಣ ಹೇಳಿ ಅದನ್ನು ತಳ್ಳಿಹಾಕಿದರು. ಆದರೆ ಸುದ್ದಿ ಊರೆಲ್ಲ ಹಬ್ಬಿತು, ಮೇಯರ್ ಅವರನ್ನು ವಾರ್ಡಿನ ಕಸ ತಪಾಸಕಿಯಾಗಿ ನೇಮಿಸಿದರು. ಸಂಬಳ ವರ್ಷಕ್ಕೆ 1,000 ಡಾಲರ್. ಬೆಳಿಗ್ಗೆ ಆರಕ್ಕೇ ಎದ್ದು, ಆಳುಗಳು ಹೊತ್ತಿಗೆ ಸರಿಯಾಗಿ ಬಂದರೇ ಎಂದು ನೋಡಬೇಕು. ತುಂಬಿದ ಗಾಡಿ ದಾರಿಯಲ್ಲಿ ಚೆಲ್ಲುತ್ತ ಹೋಗುತ್ತದೆಯೇ ಎಂದು ಕಸ ಸುರಿಯುವ ಜಾಗದವರೆಗೂ ಅದರ ಹಿಂದೆ ಹೋಗಬೇಕು. ಗುತ್ತಿಗೆದಾರನ ಜೊತೆ ದಿನವೂ ವಾಗ್ವಾದ. ಗಾಡಿಗಳು ಒಂಬತ್ತರಿಂದ ಹದಿಮೂರಾದವು, ಹದಿಮೂರರಿಂದ ಹದಿನೇಳಾದವು. ಪ್ರತಿ ಗಾಡಿಯಲ್ಲೂ ನಷ್ಟ, ಹಿಂದಿನ ತಪಾಸಕರು ಏಳಕ್ಕೇ ಒಪ್ಪಿದ್ದರು ಎಂಬುದು ಅವನ ಗೋಳು. ಗುತ್ತಿಗೆದಾರರ ಈ ಮಾತು ನಮಗೂ ಎಲ್ಲೋ ಕೇಳಿದಂತಿದೆ.

ಅಕ್ಕಪಕ್ಕದ ಹೆಂಗಸರಿಗೇ ಇದು ಸರಿ ಕಾಣಲಿಲ್ಲ. ಗಂಡಸರು ಮಾಡುವ ಕೆಲಸಕ್ಕೆ ಮರ್ಯಾದಸ್ಥ ಹೆಣ್ಣುಮಗಳು ಇಳಿಯುವುದೇ? ಕಾಯಿಲೆ ಬಿದ್ದವರ ಆರೈಕೆಗೆ ಹೆಂಗಸು ವಠಾರಗಳನ್ನು ಸುತ್ತಬಹುದಾದರೆ, ಆ ಕಾಯಿಲೆಯೇ ಬಾರದಂತೆ ಮಾಡಲು ಅದೇ ವಠಾರಗಳನ್ನು ಸುತ್ತಬಾರದೇಕೆ ಎಂದು ಅವರಿಗೆ ಮತ್ತೆ ಮತ್ತೆ ವಿವರಿಸಬೇಕಾಯಿತು.

ಒಂದು ಇಕ್ಕಟ್ಟಾದ ಬೀದಿಯಲ್ಲಿ ಕಸ ಬಗೆಯುತ್ತ ಹೋದಾಗ ಹದಿನೆಂಟು ಅಂಗುಲ ಕೆಳಗೆ ಕಲ್ಲು ಹಾಸಿದ ರಸ್ತೆ ಸಿಕ್ಕಿತು. ಅಲ್ಲೊಂದು ರಸ್ತೆ ಇದೆ ಎಂಬುದೇ ಜನರಿಗೆ ಮರೆತುಹೋಗಿತ್ತು. ನಗರಾಡಳಿತದ ಹಳೆಯ ಕಡತ ತೆಗೆಸಿ ನೋಡಿದರೆ ದಾಖಲೆಯೂ ಇತ್ತು. ಅಲ್ಲಿದ್ದ ಇಟಲಿಯವರು ಕುತೂಹಲದಿಂದ ನೋಡಿದರೇ ಹೊರತು ಬೆರಗಾಗಲಿಲ್ಲ. ಹೂತುಹೋದ ನಗರಗಳನ್ನು ಅಗೆದು ತೆಗೆಯುವುದು ಅವರ ದೇಶದಲ್ಲಿ ಮಾಮೂಲಿ ಎಂದು ಆಡಮ್ಸ್ ತಮಾಷೆ ಮಾಡಿದ್ದಾರೆ. ಆ ರಸ್ತೆಯನ್ನು ದುರಸ್ತಿ ಮಾಡುವ ಖರ್ಚು ಮನೆ ಮಾಲೀಕರದೋ ನಗರಾಡಳಿತದ್ದೋ ಎಂಬ ತಕರಾರು ಎದ್ದಾಗ ಮೇಯರ್ ಅವರನ್ನೇ ತಮ್ಮ ಕುದುರೆ ಗಾಡಿಯಲ್ಲಿ ಕೂರಿಸಿಕೊಂಡು ಸ್ಥಳಕ್ಕೆ ಹೋದರು. ಬೀದಿಯ ಮಕ್ಕಳು ಆ ಗಾಡಿಗೆ ಕಸದ ಸಾರೋಟು ಎಂದು ಹೆಸರಿಟ್ಟಿದ್ದರು.

ಸಾವಿನ ಪ್ರಮಾಣದಲ್ಲಿ ನಗರದ ವಾರ್ಡುಗಳ ಪೈಕಿ ಮೂರನೆಯದಾಗಿದ್ದ ಹತ್ತೊಂಬತ್ತನೇ ವಾರ್ಡು ಏಳನೆಯದಕ್ಕೆ ಇಳಿಯಿತು. ಈ ಸುದ್ದಿಯನ್ನು ಮಹಿಳಾ ಸಂಘದಲ್ಲಿ ಓದಿದಾಗ ಚಪ್ಪಾಳೆ ಬಿತ್ತು. ಆಡಮ್ಸ್ ಬಿಟ್ಟುಕೊಟ್ಟ ಹುದ್ದೆಗೆ ಪರೀಕ್ಷೆ ಪಾಸು ಮಾಡಿ ಬಂದವರೂ ಹಲ್ ಹೌಸಿನ ಒಬ್ಬ ಯುವತಿಯೇ. ಸ್ವಲ್ಪ ಕಾಲದಲ್ಲಿ ಆ ಹುದ್ದೆಯನ್ನೇ ರದ್ದು ಮಾಡಿ, ಹೆಂಗಸರಿಗೆ ಅವಕಾಶವಿಲ್ಲದ ಇನ್ನೊಂದು ಇಲಾಖೆಗೆ ಸೇರಿಸಿಬಿಟ್ಟರು.

ಅದರ ಹಿಂದೆ ಇದ್ದವನು ವಾರ್ಡಿನ ಆಲ್ಡರ್‌ಮನ್, ಅಂದರೆ ನಮ್ಮ ಕಾರ್ಪೊರೇಟರ್, ಜಾನಿ ಪವರ್ಸ್. ಕ್ರಿಸ್‌ಮಸ್‌ಗೆ ಮನೆಮನೆಗೆ ಟರ್ಕಿ ಕೋಳಿ ಹಂಚುತ್ತಿದ್ದ, ಜೈಲಿಗೆ ಬಿದ್ದವರನ್ನು ಬಿಡಿಸುತ್ತಿದ್ದ, ರೈಲಿನ ಪಾಸು ಕೊಡಿಸುತ್ತಿದ್ದ. ವಾರ್ಡಿನ 2,600 ಮಂದಿಗೆ ಸರ್ಕಾರಿ ಕೆಲಸ ಕೊಡಿಸಿದ್ದೇನೆ ಎಂದು ಕೊಚ್ಚಿಕೊಳ್ಳುತ್ತಿದ್ದ. ಹಲ್ ಹೌಸ್ 1896ರಲ್ಲಿ ಅವನ ವಿರುದ್ಧ ಅಭ್ಯರ್ಥಿಯನ್ನು ನಿಲ್ಲಿಸಿ ಸೋತಿತು, 1898ರಲ್ಲಿ ಮತ್ತೆ ಸೋತಿತು. ಆಡಮ್ಸ್ ಅವರ ದೊಡ್ಡತನ ನನಗೆ ಹೆಚ್ಚು ಕಾಣುವುದು ಈ ಸೋಲಿನಲ್ಲಿ. ಜನರನ್ನು ದಡ್ಡರೆಂದು ಬೈಯುವ ಬದಲು ಅವರು ಅವನಿಗೇ ಏಕೆ ಮತ ಹಾಕುತ್ತಾರೆ ಎಂದು ಕೂತು ಯೋಚಿಸಿ ಬರೆದರು. ಹಲ್ ಹೌಸಿನ ತೊಟ್ಟಿಲ ಮನೆಯಲ್ಲಿ ಯಾರೋ ಬಿಟ್ಟುಹೋದ ಕೂಸೊಂದು ತೀರಿಕೊಂಡಾಗ, ಇವರು ಅದನ್ನು ಸರ್ಕಾರಿ ಖರ್ಚಿನಲ್ಲಿ ಮಣ್ಣು ಮಾಡಿಸಲು ಏರ್ಪಾಡು ಮಾಡಿದ್ದರು. ನೆರೆಯವರು ಬೆಚ್ಚಿಬಿದ್ದು ಓಡಿಬಂದರು, ತಮ್ಮ ಬಡತನದಲ್ಲೇ ಚಂದಾ ಎತ್ತಿದರು. ಅನಾಥ ಹೆಣವಾಗಿ ಹೋಗುವುದೆಂದರೆ ಆ ಜನಕ್ಕೆ ಎಂಥ ಅವಮಾನವೆಂದು ಇವರಿಗೆ ಹೊಳೆದಿರಲಿಲ್ಲ. ಪವರ್ಸ್‌ಗೆ ಅದು ಗೊತ್ತಿತ್ತು. ಬಡವರ ಮನೆಯಲ್ಲಿ ಸಾವಾದರೆ ಖರ್ಚು ಕೊಟ್ಟು, ಗಾಡಿ ಕಳಿಸಿ, ತಾನೂ ಹೋಗಿ ನಿಲ್ಲುತ್ತಿದ್ದ. ಅವನ ಲಂಚವನ್ನು ಒಪ್ಪದೆಯೂ ಈ ಮಾತನ್ನು ಆಡಮ್ಸ್ ಒಪ್ಪಿಕೊಂಡರು.

ಒಳ್ಳೆಯ ಕೆಲಸದ ಬೆಲೆಯನ್ನೂ ಬಡವರೇ ತೆತ್ತದ್ದಿದೆ. 1894ರಲ್ಲಿ ಶಿಥಿಲ ವಠಾರಗಳ ಯುವ ಮಾಲೀಕನೊಬ್ಬ ಹಲ್ ಹೌಸಿನವರ ಟೀಕೆ ಕೇಳಿ ಜಾಗವನ್ನೇ ಅವರಿಗೆ ಬಿಟ್ಟುಕೊಟ್ಟ. ಮನೆ ಕೆಡವಿ ಮಕ್ಕಳ ಆಟದ ಮೈದಾನ ಮಾಡಿದರು. ಕೆಲವು ಬಾಡಿಗೆದಾರರನ್ನು ಕಾನೂನಿನ ಬಲದಿಂದಲೇ ಎಬ್ಬಿಸಬೇಕಾಯಿತು. ಕಳೆದುಹೋದ ಆ ಮನೆಗಳಿಗಾಗಿ ಅವರ ಅಳಲು ಕೊನೆಗೂ ನಿಲ್ಲಲಿಲ್ಲ.

ಹಬ್ಬ, ಪ್ರದರ್ಶನಗಳ ವಿಷಯದಲ್ಲಿ 1900ರಲ್ಲಿ ಶುರುವಾದ ಕಸುಬುಗಳ ಮ್ಯೂಸಿಯಂ ವಿಶೇಷ. ಬೀದಿ ಬದಿಯಲ್ಲಿ ಇಟಲಿಯ ಮುದುಕಿಯೊಬ್ಬಳು ತಕಲಿಯಲ್ಲಿ ನೂಲು ತೆಗೆಯುತ್ತಿದ್ದುದನ್ನು ಕಂಡು ಹೊಳೆದ ಯೋಜನೆ ಅದು. ಶನಿವಾರ ಸಂಜೆ ನಾನಾ ದೇಶದ ಹೆಂಗಸರು ಅಲ್ಲಿ ನೂತು, ನೇಯ್ದು ತೋರಿಸುತ್ತಿದ್ದರು. ಒಬ್ಬ ಹುಡುಗಿ ಅಡುಗೆ ತರಗತಿಗೆ ಬರುತ್ತಿದ್ದಳು. ತಲೆಗೆ ವಸ್ತ್ರ ಕಟ್ಟಿದ, ಹಳ್ಳಿ ಉಡುಪಿನ ತಾಯಿಯ ಜೊತೆ ಕಾಣಿಸಿಕೊಳ್ಳಲು ನಾಚಿ ಬೇರೆ ಬಾಗಿಲಿನಿಂದ ಒಳಗೆ ಬರುತ್ತಿದ್ದಳು. ಒಂದು ಸಂಜೆ ಓದಿದವರ ದೊಡ್ಡ ಗುಂಪು ತಾಯಿಯನ್ನು ಸುತ್ತುವರಿದು ಅವಳ ಕೈಚಳಕ ಮೆಚ್ಚುತ್ತಿದ್ದುದನ್ನು ನೋಡಿದಳು. ಆಮೇಲೆ ತಾಯಿ ಬರುವ ಬಾಗಿಲಿನಿಂದಲೇ ಬರತೊಡಗಿದಳು.

1902ರಲ್ಲಿ ವಾರ್ಡಿನಲ್ಲಿ ಟೈಫಾಯ್ಡ್ ಹಬ್ಬಿತು. ನಗರದ ಜನಸಂಖ್ಯೆಯ ಮೂವತ್ತಾರನೇ ಒಂದು ಭಾಗ ಇದ್ದಲ್ಲಿ ಸಾವುಗಳ ಸುಮಾರು ಆರನೇ ಒಂದು ಭಾಗ ಬಿತ್ತು. ಅಲ್ಲೇ ವಾಸವಿದ್ದ ಡಾಕ್ಟರ್ ಆಲಿಸ್ ಹ್ಯಾಮಿಲ್ಟನ್ ಶೌಚಾಲಯಗಳ ನೊಣ ಕಾರಣವೆಂದು ತೋರಿಸಿದರು. ಕುಡಿಯುವ ನೀರಿನ ಕೊಳವೆಗೆ ಚರಂಡಿ ನೀರು ಸೇರಿದ್ದೇ ನಿಜವಾದ ಕಾರಣವೆಂದು ಆಮೇಲೆ ತಿಳಿದಾಗ ಅದನ್ನೂ ಅವರೇ ಬರೆದರು. ಆ ತನಿಖೆಯಿಂದ ತಪಾಸಣಾ ಇಲಾಖೆಯ ಲಂಚ ಬಯಲಾಗಿ ಹಲವರು ಕೆಲಸ ಕಳೆದುಕೊಂಡರು.

ಮೊದಲ ಮಹಾಯುದ್ಧವನ್ನು ವಿರೋಧಿಸಿದ್ದಕ್ಕೆ ಅದುವರೆಗೆ ಹೊಗಳುತ್ತಿದ್ದ ಪತ್ರಿಕೆಗಳೇ ಆಡಮ್ಸ್ ಅವರನ್ನು ದೇಶದ್ರೋಹಿ ಎನ್ನುವಂತೆ ಬರೆದವು. ವರ್ಷಗಟ್ಟಲೆ ಆ ಕಳಂಕ ಹೊತ್ತರು. 1931ರಲ್ಲಿ ನೊಬೆಲ್ ಬಂದಾಗ ಅವರು ಆಸ್ಪತ್ರೆಯಲ್ಲಿದ್ದರು. ತಮ್ಮ ಪಾಲಿನ ಹಣವನ್ನು ಮಹಿಳೆಯರ ಅಂತಾರಾಷ್ಟ್ರೀಯ ಶಾಂತಿ ಸಂಘಕ್ಕೆ ಕೊಟ್ಟರು. 1935ರ ಮೇ 21ರಂದು ಶಿಕಾಗೊದಲ್ಲಿ ತೀರಿಕೊಂಡರು. ಹಲ್ ಹೌಸಿನಲ್ಲಿ ಅಂತಿಮ ದರ್ಶನಕ್ಕೆ ಸಾವಿರಾರು ಜನ ಸಾಲು ನಿಂತರು.

1960ರ ದಶಕದಲ್ಲಿ ಹೊಸ ವಿಶ್ವವಿದ್ಯಾಲಯದ ಆವರಣಕ್ಕೆಂದು ನಗರಾಡಳಿತ ಆ ನೆರೆಹೊರೆಯನ್ನೇ ಆರಿಸಿಕೊಂಡಿತು. ಬೀದಿಯ ನಿವಾಸಿಗಳು, ಅದರಲ್ಲೂ ಹೆಂಗಸರು, ಮೇಯರ್ ಕಚೇರಿಗೆ ಹೋಗಿ ಧರಣಿ ಕೂತರು, ಸುಪ್ರೀಂ ಕೋರ್ಟಿನವರೆಗೂ ಹೋಗಿ ಸೋತರು. ಹದಿಮೂರು ಕಟ್ಟಡಗಳಾಗಿ ಬೆಳೆದಿದ್ದ ಹಲ್ ಹೌಸಿನಲ್ಲಿ ಈಗ ಉಳಿದಿರುವುದು ಎರಡೇ: 1856ರ ಹಳೆಯ ಮನೆ ಮತ್ತು ಎಲ್ಲರೂ ಕೂತು ಉಣ್ಣುತ್ತಿದ್ದ ಊಟದ ಮನೆ.