ಗ್ರಂಥಭಂಡಾರದ ನಂಬಿಗಸ್ತ ಸೇವಕರು: ಆರ್. ಶಾಮಶಾಸ್ತ್ರಿಗಳು

ಹೆಮ್ಮಿಗೆಯ ಸೀಮೆಯವರಾದ ನಮಗೆ ಚಿರಪರಿಚಿತಳಾದ ಕಾವೇರಿಯು, ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡುವುದಕ್ಕೆ ಬಹು ಮುಂಚೆ, ರುದ್ರಪಟ್ಟಣವೆಂಬ ಗ್ರಾಮದ ಮಗ್ಗುಲಲ್ಲಿ ಹರಿಯುತ್ತಾಳೆ. ಅಲ್ಲಿ 1868ರಲ್ಲಿ ಶಾಮಶಾಸ್ತ್ರಿಗಳು ಜನಿಸಿದರು. ಸಂಸ್ಕೃತದಲ್ಲಿ ವಿದ್ವತ್ತನ್ನು ಸಂಪಾದಿಸಿ, ಇಂಗ್ಲಿಷನ್ನೂ ಕಲಿತು, ಮದರಾಸು ವಿಶ್ವವಿದ್ಯಾಲಯದ ಬಿ.ಎ. ಪದವಿಯನ್ನು ಪಡೆದ ಇವರು, 1891ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾಗಿದ್ದ ಪ್ರಾಚ್ಯ ಪುಸ್ತಕಭಂಡಾರದ ಗ್ರಂಥಪಾಲಕರಾದರು.

ಆ ಕೆಲಸವು ಹೊರಗಿನವರ ಕಣ್ಣಿಗೆ ಬೀಳುವಂಥದಲ್ಲ. ಓಲೆಗರಿಯ ಕಟ್ಟುಗಳನ್ನು ಬಿಚ್ಚುವುದು, ಮಾಸಿದ ಅಕ್ಷರಗಳನ್ನು ಓದುವುದು, ಯಾವ ಗ್ರಂಥ, ಯಾರ ಕೃತಿ ಎಂದು ಪಟ್ಟಿಯಲ್ಲಿ ಬರೆಯುವುದು, ದಿನದಿನವೂ ಇಷ್ಟೇ. ತಂಜಾವೂರು ಸೀಮೆಯ ಪಂಡಿತರೊಬ್ಬರು ಭಂಡಾರಕ್ಕೆ ಒಪ್ಪಿಸಿದ್ದ ಗ್ರಂಥಲಿಪಿಯ ಕಟ್ಟೊಂದನ್ನು ಹೀಗೆಯೇ ಪರೀಕ್ಷಿಸಿ, ನಷ್ಟವಾಯಿತೆಂದು ವಿದ್ವಾಂಸರು ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರವೇ ಅದೆಂದು 1905ರಲ್ಲಿ ಅವರು ಕಂಡುಕೊಂಡರು. ಪಟ್ಟಿಯಲ್ಲಿ ಒಂದು ಸಾಲನ್ನು ಬರೆದು ಕಟ್ಟನ್ನು ಹಾಗೆಯೇ ಎತ್ತಿಟ್ಟಿದ್ದರೂ ಅವರನ್ನು ಯಾರೂ ದೂರುತ್ತಿರಲಿಲ್ಲ. ಅವರಾದರೋ ಒಪ್ಪಿಸಿದ ತಲಾಂತನ್ನು ಹೂಳಿಡಲಿಲ್ಲ. 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು; 1915ರಲ್ಲಿ ಇಂಗ್ಲಿಷ್ ಭಾಷಾಂತರವನ್ನು ಪ್ರಕಟಿಸಿದರು. ನಮ್ಮ ಪೂರ್ವಿಕರು ರಾಜ್ಯಾಡಳಿತದ ಶಾಸ್ತ್ರವನ್ನು ಅರಿಯರೆಂಬ ಮಾತು ಅಂದಿನಿಂದ ಬಲಗುಂದಿತು.

ಮುಂದೆ ಅವರು ಮೈಸೂರಿನ ಪ್ರಾಕ್ತನ ಸಂಶೋಧನ ಇಲಾಖೆಯ ಮುಖ್ಯಾಧಿಕಾರಿಗಳಾದರು, ಮಹಾಮಹೋಪಾಧ್ಯಾಯರೆಂಬ ಬಿರುದನ್ನೂ ಪಡೆದರು, 1944ರಲ್ಲಿ ಕಾಲವಾದರು. ಆ ಓಲೆಕಟ್ಟು ಈಗಲೂ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿದೆ.

ನಮ್ಮ ಶಾಲೆಯ ಪುಸ್ತಕದ ಬೀರುವಿನ ಬೀಗದ ಕೈಯನ್ನು ಯಾವ ಬಾಲಿಕೆಗೆ ಒಪ್ಪಿಸುತ್ತೇವೆಯೋ ಆಕೆಗೆ ಈ ಚರಿತ್ರೆಯನ್ನು ಹೇಳುತ್ತೇವೆ. ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ತಮ್ಮ ಮನೆಗಳಲ್ಲಿ ಇದನ್ನು ಹೇಳಿದರೆ ನಾವು ಕೃತಾರ್ಥರು.